ಇಂಡೋನೇಷಿಯದ ‘ಬೇಲ’ ಧಾತುವೂ ಕನ್ನಡದ ವೇಳೆವಾಳಿಯೂ

೧

ಇಂಡೋನೇಷಿಯದ ರಾಷ್ಟ್ರಭಾಷೆಯಲ್ಲಿ ‘ಮೆಂಬೇಲ’ ಎಂಬುದೊಂದು ಕ್ರಿಯಾಪದ. ಅದರ ಧಾತು ‘ಬೇಲ’. ಸಣ್ಣ ನಿಘಂಟುಗಳಲ್ಲಿ ಇದಕ್ಕೆ ‘ರಕ್ಷಿಸು’, ‘ಪಕ್ಷವಹಿಸು’ ಎಂಬ ಎರಡರ್ಥಗಳನ್ನು ಕೊಟ್ಟು ಮುಗಿಸಿರುವುದುಂಟು. ಈ ಅರ್ಥಗಳು ತಪ್ಪಲ್ಲ. ನ್ಯಾಯಸ್ಥಾನದಲ್ಲಿ ಆಪಾದಿತನ ಪರವಾಗಿ ವಾದಿಸುವವನಿಗೆ ಆ ಭಾಷೆಯಲ್ಲಿ ‘ಪೆಂಬೇಲ’ ಎಂದು ಹೆಸರು. ಅವನ ವಾದಕ್ಕೆ ‘ಪೆಂಬೇಲಾನ್’ ಎನ್ನುವರು. ಡಚ್ಚರ ಸರ್ಕಾರವು ಹೂಡಿದ ಮೊಕದ್ದಮೆಯಲ್ಲಿ ಸುಕರ್ನೊ ಅವರು ೧೯೩೦ರಲ್ಲಿ ಬಾಂಡುಂಗ್ ನಗರದ ನ್ಯಾಯಸ್ಥಾನದ ಮುಂದೆ ಮಾಡಿದ ಪ್ರಸಿದ್ಧ ಭಾಷಣವು ಈ ಬಗೆಯದು. ೧೯೪೩ರಲ್ಲಿ ಜಪಾನೀಯರ ಆಳ್ವಿಕೆಯಲ್ಲಿ ಜಾವಾದಲ್ಲಿ ಕಟ್ಟಲ್ಪಟ್ಟ ಸ್ವದೇಶೀಯರ ಸೈನ್ಯಕ್ಕೆ ‘ಪೆಂಬೇಲ ತಾನಾ ಆಯಿರ್’, ಅಂದರೆ ತಾಯ್ನಾಡಿನ ರಕ್ಷಕರು ಎಂದು ಹೆಸರಾಯಿತು. ಮೈಗಾವಲಿನ ಮಲ್ಲವಿದ್ಯೆಗೆ ‘ಬೇಲ ದಿರಿ’ ಎನ್ನುವರು. ‘ದಿರಿ’ ಎಂದರೆ ತಾನು.

ಇಷ್ಟರವರೆಗೆ ತೊಡಕಿಲ್ಲ. ಆದರೆ ಅದೇ ಭಾಷೆಯಲ್ಲಿ ಮೃತರ ಮನೆಯವರಿಗೆ ತಿಳಿಸುವ ಸಂತಾಪಕ್ಕೆ ‘ಬೇಲಸುಂಕಾವ’ ಎಂದು ಹೆಸರು. ‘ಸುಂಕಾವ’ ಎಂಬುದಕ್ಕೆ ದುಃಖವೆಂದರ್ಥ. ರಕ್ಷಣೆಗೂ ಸಂತಾಪಕ್ಕೂ ಏನು ಸಂಬಂಧ? ಸತ್ತವನನ್ನು ರಕ್ಷಿಸುವುದು ಅಸಾಧ್ಯ. ದುಃಖವನ್ನು ರಕ್ಷಿಸಬೇಕೆಂದು ಯಾರೂ ಬಯಸರು. ಇನ್ನು ಮಲಯ ಭಾಷೆಯ ಹಳೆಯ ಕಥೆಗಳಲ್ಲಿ ‘ಮೆನುಂತುತ್ ಬೇಲ’, ಅಂದರೆ ‘ಬೇಲವನ್ನು ಕೇಳುವುದು’ ಎಂಬ ನುಡಿಗಟ್ಟು ಕೊಲೆಯಾದವನಿಗಾಗಿ ಸೇಡು ತೀರಿಸಿಕೊಳ್ಳುವುದೆಂಬ ಅರ್ಥದಲ್ಲಿ ಬರುತ್ತದೆ. ಅದೇ ಭಾಷೆಯಲ್ಲಿ ಬೆಕ್ಕನ್ನೋ ಕೋಳಿಯನ್ನೋ ಸಾಕುವುದಕ್ಕೂ ‘ಮೆಂಬೇಲ’ ಎಂದೇ ಹೇಳುವರು. ರಕ್ಷಣೆ, ಸೇಡು, ಸಂತಾಪ, ಸಾಕುವಿಕೆ ಎಂಬ ಈ ನಾಲ್ಕು ಅರ್ಥಗಳನ್ನು ಒಂದೇ ದಾರದಲ್ಲಿ ಪೋಣಿಸಬಲ್ಲ ಮೂಲಾರ್ಥವು ಯಾವುದೆಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ. ಇದು ದೂರದೇಶದ ವ್ಯಾಕರಣದ ಮಾತಾದರೂ ಇದರ ಒಂದು ತುದಿಯು ಬೆಂಗಳೂರಿನ ಸುತ್ತಲಿನ ವೀರಗಲ್ಲುಗಳನ್ನು ಮುಟ್ಟುತ್ತದೆ. ಆದಕಾರಣ ಕನ್ನಡ ಪಾಠ ಹೇಳುವವರಿಗೂ ಇದರಿಂದ ಪ್ರಯೋಜನವುಂಟೆಂದು ನಂಬಿದ್ದೇನೆ.

೨

ಮೂಲಾರ್ಥವನ್ನು ಬಾಲಿ ದ್ವೀಪದ ಹಳೆಯ ರೂಢಿಯಿಂದ ತಿಳಿಯಬಹುದು. ಇಂಗ್ಲಿಷರು ೧೮೧೧ರಲ್ಲಿ ಜಾವಾ ದ್ವೀಪವನ್ನು ಗೆದ್ದು ೧೮೧೬ರವರೆಗೆ ಆಳಿದರು. ಆ ಕಾಲದಲ್ಲಿ ಅಲ್ಲಿ ಅಧಿಕಾರಿಯಾಗಿದ್ದ ಜಾನ್ ಕ್ರಾಫರ್ಡನು ೧೮೨೦ರಲ್ಲಿ ಪ್ರಕಟಿಸಿದ ದ್ವೀಪಾಂತರ ಚರಿತ್ರೆಯಲ್ಲಿ ಬಾಲಿಯ ಸಹಗಮನವನ್ನು ವರ್ಣಿಸುತ್ತ ಎರಡು ಪಾರಿಭಾಷಿಕ ಶಬ್ದಗಳನ್ನು ಕೊಟ್ಟಿದ್ದಾನೆ. ಹೆಂಡತಿಯು ತನ್ನನ್ನು ಅರ್ಪಿಸಿಕೊಂಡರೆ ಅದು ‘ಸತ್ಯ’. ಉಪಪತ್ನಿಯೋ ದಾಸಿಯೋ ಮನೆಯ ಆಳೋ ಸತ್ತರೆ ಅದು ‘ಬೇಲ’. ಈ ಎರಡನೆಯ ಮಾತಿಗೆ ಅವನು ಪ್ರತೀಕಾರವೆಂಬ ಅರ್ಥವನ್ನೂ ಹೇಳಿದ್ದಾನೆ. ಜಾವಾದ ಸಂಪ್ರದಾಯದಲ್ಲಿಯೂ ಇದೇ ಮಾತು ಕೇಳಿಬರುತ್ತದೆ. ೧೩೫೭ರಲ್ಲಿ ಬುಬಾತ್ ಎಂಬಲ್ಲಿ ಮಜಾಪಹಿತದವರ ಕೈಯಲ್ಲಿ ಸುಂಡಾ ದೇಶದ ರಾಜನು ಮಡಿದಾಗ ಅವನ ಕಡೆಯ ಸ್ತ್ರೀಯರು ಪ್ರಾಣತ್ಯಾಗ ಮಾಡಿದರೆಂಬ ಕಥೆಯನ್ನು ಹೇಳುವಾಗ ‘ಬೇಲ ಪತಿ’ ಎಂಬ ಮಾತನ್ನು ಬಳಸುವುದುಂಟು.

ಇಲ್ಲಿ ಕನ್ನಡಿಗನಾದ ವಾಚಕನು ಒಂದು ಎಚ್ಚರವನ್ನು ವಹಿಸಬೇಕು. ‘ಪತಿ’ ಎಂಬುದನ್ನು ಕಂಡೊಡನೆ ನಮಗೆ ಗಂಡನ ನೆನಪಾಗುವುದು ಸಹಜ. ಈ ಸಮಾಸದಲ್ಲಿರುವುದಾದರೋ ಮರಣವೆಂಬರ್ಥದ ಜಾವಾ ಭಾಷೆಯ ದೇಶ್ಯಶಬ್ದ. ಸಂಸ್ಕೃತದ ಪತಿಗೂ ಇದಕ್ಕೂ ಸಂಬಂಧವಿಲ್ಲ. ಹಾಗೆಯೇ ‘ಬೇಲ’ ಎಂದರೆ ರಕ್ಷಿಸುವುದೆಂದು ಕೇಳಿದವನು ನಮ್ಮ ಹೊಲದ ‘ಬೇಲಿ’ಯನ್ನು ತಂದು ಅದಕ್ಕೆ ಜೋಡಿಸಲು ಆತುರಪಡಬಹುದು. ರಕ್ಷಣೆಯೆಂಬುದು ಆ ಧಾತುವಿಗೆ ಈಚೆಗೆ ಬಂದ ಅರ್ಥವಾದುದರಿಂದ ಈ ಜೋಡಣೆಯೂ ನಿಲ್ಲದು. ಧ್ವನಿಸಾಮ್ಯವೊಂದನ್ನೇ ನಂಬಿ ಹೊರಟ ಶಬ್ದವಿಚಾರವು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಇವೆರಡೂ ಒಳ್ಳೆಯ ನಿದರ್ಶನಗಳು.

ಒಡನೆ ಸಾಯುವುದು ಎಂಬುದನ್ನು ಮೂಲಾರ್ಥವಾಗಿ ಇಟ್ಟುಕೊಂಡರೆ ಉಳಿದುವೆಲ್ಲ ಕ್ರಮವಾಗಿ ಬಿಡಿಸಿಕೊಳ್ಳುತ್ತವೆ. ಒಡೆಯನೊಡನೆ ಸಾಯುವವನು ಒಡೆಯನನ್ನು ಕೊಂದವರ ಮೇಲೆ ಬಿದ್ದು ಸತ್ತರೆ ಅದು ಸೇಡಾಗುವುದು. ಒಡೆಯನು ಸಾಯುವುದಕ್ಕೆ ಮುಂಚೆಯೇ ಅಡ್ಡಬಂದು ನಿಂತರೆ ಅದು ರಕ್ಷಣೆಯಾಗುವುದು. ರಕ್ಷಣೆಯಿಂದ ಪೋಷಣೆಗೆ ಒಂದೇ ಹೆಜ್ಜೆ. ಇತ್ತ ಸಾವಿನ ಅಂಶವು ಅಳಿದು ‘ಒಡನೆ’ ಎಂಬ ಅಂಶವು ಮಾತ್ರ ಉಳಿದರೆ ದುಃಖದಲ್ಲಿ ಜೊತೆಗೂಡುವುದೆಂಬ ‘ಬೇಲಸುಂಕಾವ’ವು ಸಿದ್ಧಿಸುವುದು. ಸಂತಾಪಪತ್ರಗಳಲ್ಲಿ ಇಂದಿಗೂ ಬರೆಯಲ್ಪಡುವ ಈ ಸೌಮ್ಯವಾದ ಶಬ್ದದಲ್ಲಿ ಚಿತೆಗೆ ಹಾರಿದವರ ಹೆಜ್ಜೆಗುರುತು ಉಳಿದುಬಂದಿದೆ.

೩

ಇನ್ನು ಈ ಧಾತುವಿನ ಹುಟ್ಟನ್ನು ನೋಡೋಣ. ಸಂಸ್ಕೃತದ ‘ವೇಲಾ’ ಶಬ್ದದಿಂದ ಇದು ಬಂದುದೆಂಬುದು ಯುಕ್ತವಾಗಿ ತೋರುತ್ತದೆ. ವಕಾರವು ಬಕಾರವಾಗುವುದು ಆ ಭಾಷೆಯಲ್ಲಿ ಸಾಮಾನ್ಯ. ‘ವಿಚಾರ’ವು ಅಲ್ಲಿ ‘ಬಿಚಾರ’ವಾಗಿ ಮಾತನಾಡು ಎಂಬ ಅರ್ಥವನ್ನು ತಳೆದಿದೆ, ‘ವಂಶ’ವು ‘ಬಾಂಗ್ಸ’ವಾಗಿ ರಾಷ್ಟ್ರವೆಂಬ ಅರ್ಥವನ್ನು ಕೊಡುತ್ತದೆ. ವನವು ಬನವಾಗಿ, ವಸತಿಯು ಬಸದಿಯಾಗಿ, ವಿಧಿಯು ಬಿದಿಯಾಗಿ ಮಾರ್ಪಡುವುದನ್ನು ಬಲ್ಲ ಶಬ್ದಮಣಿದರ್ಪಣದ ವಿದ್ಯಾರ್ಥಿಗಳಿಗೆ ಇದು ಹೊಸತಲ್ಲ.

ಅರ್ಥದ ವಿಷಯದಲ್ಲಿ ಮಾತ್ರ ವಿಚಾರವು ಅಷ್ಟು ಸುಲಭವಲ್ಲ. ವೇಲಾ ಎಂದರೆ ಎಲ್ಲೆ, ಕಡಲ ತಡಿ, ಸಮುದ್ರದ ಉಬ್ಬರ, ಕಾಲ. ಇವುಗಳ ಜೊತೆಗೆ ಮರಣಕಾಲ, ಕ್ಲೇಶವಿಲ್ಲದ ಮರಣ ಎಂಬ ಅರ್ಥಗಳನ್ನೂ ಕೋಶಗಳು ಹೇಳುವುದುಂಟು. ಆದರೆ ಒಡೆಯನೊಡನೆ ಸಾಯುವ ಪ್ರತಿಜ್ಞೆಯೆಂಬ ಅರ್ಥವು ಇವುಗಳಲ್ಲಿ ಯಾವುದರಲ್ಲಿಯೂ ನೇರವಾಗಿ ಇಲ್ಲ. ಅದು ಕಾಣುವುದು ನಮ್ಮ ದಕ್ಷಿಣದೇಶದಲ್ಲಿ. ತಮಿಳು ನಾಡಿನ ಚೋಳರ ಶಾಸನಗಳಲ್ಲಿ ‘ವೇಳೈಕ್ಕಾರ’ರೆಂಬ ಭಟರ ಪಡೆಗಳು ಬರುತ್ತವೆ. ಸಿಂಹಳದ ಪೊಲೊನ್ನರುವದಲ್ಲಿ ಬುದ್ಧನ ದಂತಧಾತುವಿನ ಕಾಪು ಹನ್ನೆರಡನೆಯ ಶತಮಾನದಲ್ಲಿ ಇಂತಹ ಭಟರಿಗೆ ಒಪ್ಪಿಸಲ್ಪಟ್ಟಿತೆಂದು ಅಲ್ಲಿಯ ಶಿಲಾಶಾಸನವು ಹೇಳುತ್ತದೆ. ಕನ್ನಡದಲ್ಲಿ ಇದಕ್ಕೆ ಸಮನಾದುದು ‘ವೇಳೆವಾಳಿ’. ವೇಳೆ ಮತ್ತು ಪಾಳಿ ಎಂಬೆರಡು ಪದಗಳು ಸೇರಿ, ಪಕಾರಕ್ಕೆ ವಕಾರವು ಆದೇಶವಾಗಿ ಈ ರೂಪವು ಸಿದ್ಧಿಸಿದೆ. ಪಾಳಿಯೆಂದರೆ ಸರದಿ, ಕಟ್ಟಳೆ. ವೇಳೆ ಬಂದಾಗ ಪ್ರಾಣವನ್ನೊಪ್ಪಿಸುವ ಕಟ್ಟಳೆಯೇ ವೇಳೆವಾಳಿ.

ಕಾಲವಾಚಕ ಶಬ್ದವೊಂದು ಮರಣವಾಚಕವಾಗುವುದು ವಿಚಿತ್ರವೆಂದು ಯಾರಾದರೂ ಆಕ್ಷೇಪಿಸಿದರೆ, ‘ಕಾಲವಾದರು’ ಎಂಬ ನಮ್ಮ ನಿತ್ಯದ ಮಾತೇ ಅದಕ್ಕೆ ಸಮಾಧಾನ. ಹಲಸೂರಿನಲ್ಲಿಯೂ ಶಿವಾಜಿನಗರದಲ್ಲಿಯೂ ಕನ್ನಡದ ವೇಳೆ, ತಮಿಳಿನ ವೇಳೈ ಎಂಬೆರಡು ರೂಪಗಳೂ ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. ಅಂಗಡಿ ಮುಚ್ಚುವ ವೇಳೆ, ಊಟದ ವೇಳೆ ಎಂದಲ್ಲದೆ ಅದರಲ್ಲಿ ಬೇರೆ ಯಾವುದನ್ನೂ ಇಂದು ಯಾರೂ ಕೇಳರು. ಶಬ್ದವು ನಮ್ಮಲ್ಲಿ ಉಳಿದು ಪ್ರತಿಜ್ಞೆಯ ಅರ್ಥವು ಅಳಿಯಿತು. ದ್ವೀಪಾಂತರದ ‘ಬೇಲ’ದಲ್ಲಿ ಪ್ರತಿಜ್ಞೆಯ ಅರ್ಥವು ಬೆಳೆಯಿತು.

ಹಾಗಾದರೆ ಈ ಅರ್ಥವು ದಕ್ಷಿಣದೇಶದಿಂದಲೇ ಜಾವಾಕ್ಕೆ ಹೋಯಿತೆ? ಹೋಗಲು ದಾರಿಯಂತೂ ಇತ್ತು. ಅಯ್ಯಾವೊಳೆಯ ಹೆಸರನ್ನು ಹೊತ್ತ ಐನೂರ್ವರ ವರ್ತಕಸಂಘದ ತಮಿಳು ಶಾಸನವೊಂದು ಕ್ರಿ.ಶ. ೧೦೮೮ರಲ್ಲಿ ಸುಮಾತ್ರಾದ ಬರುಸಿನಲ್ಲಿ ಹುಟ್ಟಿದೆ. ಪ್ರಪಂಚನೆಂಬ ಜಾವಾ ಕವಿಯು ೧೩೬೫ರಲ್ಲಿ ರಚಿಸಿದ ನಾಗರಕೃತಾಗಮವು ಮಜಾಪಹಿತಕ್ಕೆ ಬರುತ್ತಿದ್ದ ಪರದೇಶದವರ ಪಟ್ಟಿಯಲ್ಲಿ ಕರ್ಣಾಟಕವನ್ನು ಹೆಸರಿಸುತ್ತದೆ. ಆದರೂ ದಾರಿಯಿದ್ದುದರಿಂದಲೇ ಸರಕು ಸಾಗಿತೆಂದು ಹೇಳಲಾಗದು. ಸತ್ತವರನ್ನು ಹಿಂಬಾಲಿಸುವ ರೂಢಿಯು ಲೋಕದ ಅನೇಕ ಕಡೆಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿದೆ. ದ್ವೀಪಗಳ ದೇಶ್ಯವಾದ ರೂಢಿಯೊಂದಕ್ಕೆ ಸಂಸ್ಕೃತದ ಹೆಸರು ಮಾತ್ರ ಹತ್ತಿರಬಹುದು. ಆದಕಾರಣ ವೇಳೆವಾಳಿಯೂ ಬೇಲವೂ ಒಂದೇ ತಾಯಿಯ ಮಕ್ಕಳೆಂದು ಹೇಳುವುದಕ್ಕೆ ಆಧಾರವುಂಟು. ಒಂದು ಮತ್ತೊಂದರ ಮಗುವೆಂದು ಹೇಳುವುದಕ್ಕೆ ಇಷ್ಟು ಆಧಾರವು ಸಾಲದು.

೪

ವಂಶಾವಳಿಗಿಂತಲೂ ಮುಖ್ಯವಾದುದು ವ್ಯಾಕರಣದಲ್ಲಿ ಆಗಿರುವ ವ್ಯತ್ಯಾಸ. ಹಳೆಯ ಅರ್ಥದಲ್ಲಿ ‘ಬೇಲ’ವು ಅಕರ್ಮಕ. ಸಾಯುವವನೇ ಕರ್ತೃ; ಯಾರಿಗಾಗಿ ಸಾಯುತ್ತಾನೋ ಅವನು ‘ಒಡನೆ’ ಎಂಬ ಸಹಾರ್ಥದಲ್ಲಿ ನಿಲ್ಲುವನು, ಮತ್ತು ಅವನು ಆಗಲೇ ಸತ್ತಿರುವನು. ಈಗಿನ ‘ಮೆಂಬೇಲ’ವು ಸಕರ್ಮಕ. ‘ಮೆಂ’ ಎಂಬ ಉಪಸರ್ಗವನ್ನು ಪಡೆದ ಈ ರೂಪವು ಕರ್ಮಪದವನ್ನು ಬೇಡುತ್ತದೆ. ಕರ್ಮಣಿ ಪ್ರಯೋಗದಲ್ಲಿ ಅದು ‘ದಿಬೇಲ’ ಎಂದಾಗುವುದು. ಕರ್ಮವಾಗಿ ನಿಂತವನು ಇನ್ನೂ ಬದುಕಿರುವನು. ಅವನನ್ನು ಬದುಕಿಸುವುದೇ ಕ್ರಿಯೆಯ ಫಲ. ಕನ್ನಡದಲ್ಲಿ ಹೇಳುವುದಾದರೆ ‘ಒಡೆಯನೊಡನೆ ಸತ್ತನು’ ಎಂಬ ವಾಕ್ಯವು ‘ಒಡೆಯನನ್ನು ಕಾದನು’ ಎಂದು ಮಾರ್ಪಟ್ಟಿತು. ಒಂದು ಪ್ರತ್ಯಯವು ಬದಲಾಯಿಸಿದುದರಿಂದ ಸಾವಿನ ಕಡೆಗೆ ಮುಖಮಾಡಿದ್ದ ಕ್ರಿಯೆಯು ಬದುಕಿನ ಕಡೆಗೆ ತಿರುಗಿಕೊಂಡಿತು.

ಒಡೆಯನು ಯಾರೆಂಬುದೂ ಇದರೊಡನೆ ಬದಲಾಯಿತು. ೧೯೪೫ರ ಇಂಡೋನೇಷಿಯದ ರಾಜ್ಯಾಂಗವು ತನ್ನ ೩೦ನೆಯ ವಿಧಿಯಲ್ಲಿ ರಾಷ್ಟ್ರದ ‘ಪೆಂಬೇಲಾನ್’ನಲ್ಲಿ ಭಾಗಿಯಾಗುವುದು ಪ್ರತಿಯೊಬ್ಬ ಪ್ರಜೆಯ ಹಕ್ಕೂ ಕರ್ತವ್ಯವೂ ಆಗಿದೆಯೆಂದು ವಿಧಿಸಿತು. ೨೦೦೦ದ ತಿದ್ದುಪಡಿಯಲ್ಲಿ ಈ ಮಾತನ್ನು ೨೭ನೆಯ ವಿಧಿಗೆ ಸೇರಿಸಿ, ೩೦ನೆಯ ವಿಧಿಯಲ್ಲಿ ‘ಪೆರ್ತಹಾನನ್’ ಎಂಬ ಬೇರೊಂದು ಶಬ್ದವನ್ನು ಇಟ್ಟರು. ಎರಡನೆಯದರ ಧಾತು ‘ತಹಾನ್’, ಅಂದರೆ ತಡೆದು ನಿಲ್ಲುವುದು. ಕೋಟೆಯ, ಸೈನ್ಯದ, ಮಂತ್ರಿಖಾತೆಯ ರಕ್ಷಣೆಗೆ ‘ಪೆರ್ತಹಾನನ್’. ಋಣವನ್ನೊಪ್ಪಿಕೊಂಡ ವ್ಯಕ್ತಿಯ ರಕ್ಷಣೆಗೆ ‘ಪೆಂಬೇಲಾನ್’. ಕನ್ನಡಕ್ಕೆ ತರುವಾಗ ಎರಡನ್ನೂ ‘ರಕ್ಷಣೆ’ಯೆಂದೇ ತಂದರೆ ಈ ಭೇದವು ಅಳಿದುಹೋಗುವುದು. ಮೊದಲನೆಯದರಲ್ಲಿ ಬಲದ ಮಾತು ಮಾತ್ರ ಇದೆ. ಎರಡನೆಯದರಲ್ಲಿ ನಿಷ್ಠೆಯ ಮಾತಿದೆ.

೫

ಈ ಭೇದವನ್ನು ಹಿಡಿದುಕೊಂಡು ನಮ್ಮ ಕಡೆಗೆ ತಿರುಗಿದರೆ, ಇಂಡೋನೇಷಿಯದವರು ಒಂದೇ ಧಾತುವಿನ ಎರಡು ಕಾಲಗಳಲ್ಲಿ ಹೇಳಿದುದನ್ನು ಕನ್ನಡವು ಎರಡು ಬೇರೆ ಶಬ್ದಗಳಿಂದ ಹೇಳಿರುವುದು ಗೋಚರವಾಗುತ್ತದೆ. ಒಂದು ವೇಳೆವಾಳಿ, ಮತ್ತೊಂದು ಜೋಳವಾಳಿ. ಉಂಡ ಜೋಳದ ಋಣವನ್ನು ಒಡೆಯನು ಬದುಕಿರುವಾಗಲೇ ಕಾಳಗದಲ್ಲಿ ತೀರಿಸುವುದು ಜೋಳವಾಳಿ. ಕ್ರಿ.ಶ. ೯೪೧ರ ಪಂಪಭಾರತದ ಕರ್ಣನು ತನ್ನ ಹುಟ್ಟಿನ ಗುಟ್ಟನ್ನು ತಿಳಿದ ಮೇಲೆಯೂ ದುರ್ಯೋಧನನನ್ನು ಬಿಡದೆ ನಿಂತು, ಅವನಿಗಿಂತ ಮುಂಚೆ ಸತ್ತನು. ಇದು ಈಗಿನ ‘ಮೆಂಬೇಲ’ದ ಅರ್ಥ. ಒಡೆಯನು ಸತ್ತ ಮೇಲೆ ತಾನೂ ಸಾಯುವ ವೇಳೆವಾಳಿಯು ಹಳೆಯ ‘ಬೇಲ’ದ ಅರ್ಥ. ಕವಿಗಳೂ ಶಾಸನಕಾರರೂ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೊಗಳುವುದುಂಟಾದರೂ ವಿಮರ್ಶಕನು ಇವನ್ನು ಬೆರಸಬಾರದು.

ವೇಳೆವಾಳಿಯ ಅತ್ಯಂತ ಪ್ರಸಿದ್ಧ ನಿದರ್ಶನವು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯಿರುವ ಗರುಡಸ್ತಂಭ. ಇಮ್ಮಡಿ ಬಲ್ಲಾಳನು ತೀರಿಕೊಂಡಾಗ ಕುವರಲಕ್ಷ್ಮನೂ ಅವನ ಪತ್ನಿ ಸುಗ್ಗಲದೇವಿಯೂ ಸಾವಿರ ಮಂದಿ ವೀರರೂ ಪ್ರಾಣತ್ಯಾಗ ಮಾಡಿದುದನ್ನು ಅದು ತಿಳಿಸುತ್ತದೆ. ಕೃಷ್ಣರಾಜಪೇಟೆ ಸೀಮೆಯ ಅಗ್ರಹಾರ ಬಾಚಹಳ್ಳಿಯ ಕಂಬಗಳು ಒಂದೇ ಮನೆತನದ ನಾಯಕರು ತಲೆತಲಾಂತರವಾಗಿ ಹೊಯ್ಸಳ ಅರಸರೊಡನೆ ಗರುಡರಾಗಿ ಮಡಿದುದನ್ನು ಹೇಳುತ್ತವೆ. ಅಲ್ಲಿ ನಾಯಕರೊಡನೆ ಅವರ ಲೆಂಕರೂ ಲೆಂಕಿತಿಯರೂ ಸತ್ತರು. ಈ ಶಾಸನಗಳನ್ನು ಸ್ವಾಮಿಭಕ್ತಿಯ ಪರಾಕಾಷ್ಠೆಯೆಂದು ಕೊಂಡಾಡುವುದು ನಮ್ಮ ಪಠ್ಯಗಳಲ್ಲಿ ರೂಢಿಯಾಗಿದೆ. ಕ್ರಾಫರ್ಡನು ಕೊಟ್ಟ ಭೇದವನ್ನು ನೆನಪಿಟ್ಟುಕೊಂಡು ಓದಿದವನಿಗಾದರೋ ಬೇರೊಂದು ಪ್ರಶ್ನೆಯು ಏಳುವುದು. ಕುವರಲಕ್ಷ್ಮನಿಗೆ ಹೆಸರಿದೆ, ಸುಗ್ಗಲದೇವಿಗೆ ಹೆಸರಿದೆ; ಸಾವಿರ ಮಂದಿಗೆ ಎಣಿಕೆ ಮಾತ್ರ ಇದೆ. ಅರಸನೊಡನೆ ಸಾಯುವ ಭಾಷೆಯನ್ನು ಕೊಟ್ಟವನು ನಾಯಕ. ನಾಯಕನ ಭಾಷೆಯನ್ನು ತಮ್ಮ ಮೈಯಿಂದ ತೀರಿಸಿದವರು ಲೆಂಕರು. ಬಾಲಿಯಲ್ಲಿ ಹೆಂಡತಿಯ ಸಾವಿಗೆ ‘ಸತ್ಯ’ವೆಂದೂ ದಾಸಿಯ ಸಾವಿಗೆ ‘ಬೇಲ’ವೆಂದೂ ಬೇರೆ ಬೇರೆ ಹೆಸರಿಟ್ಟವರು ಈ ಅಂತರವನ್ನು ಮರೆಮಾಡಲಿಲ್ಲ. ನಮ್ಮಲ್ಲಿ ಎರಡಕ್ಕೂ ಒಂದೇ ಬಿರುದನ್ನು ತೊಡಿಸಿದುದರಿಂದ ಒಪ್ಪಿ ಸತ್ತವನೂ ಒಪ್ಪದೆ ಸತ್ತವನೂ ಓದುವವನ ಕಣ್ಣಿಗೆ ಒಂದೇ ಆಗಿ ಕಾಣುವರು. ಅವರಲ್ಲಿ ಎಷ್ಟು ಮಂದಿ ಮನಸಾರೆ ಸತ್ತರೆಂಬುದನ್ನು ಕಲ್ಲು ಹೇಳುವುದಿಲ್ಲ. ಕಲ್ಲು ಹೇಳದುದನ್ನು ನಾವು ಹೇಳಿಸಬಾರದು.

ಬೆಂಗಳೂರಿನ ಹೆಸರನ್ನು ಮೊದಲು ತೋರಿಸಿಕೊಟ್ಟ ಶಾಸನಕ್ಕೂ ಇದೇ ನ್ಯಾಯವನ್ನು ಅನ್ವಯಿಸಬೇಕು. ಊರಿಗೆ ದಕ್ಷಿಣದ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. ೯೦೦ರ ಆ ಕಲ್ಲು ಬೆಂಗಳೂರಿನ ಕಾಳೆಗದಲ್ಲಿ ನಾಗತ್ತರನ ಮಗನಾದ ಬುಟ್ಟಣಪತಿಯೂ, ನಾಗತ್ತರನ ‘ಮನೆವಗತಿ’ಯಾದ ಪೆರ್ವೊಣಶೆಟ್ಟಿಯೂ ಸತ್ತರೆಂದು ತಿಳಿಸುತ್ತದೆ. ಮನೆವಗತಿಯೆಂದರೆ ಮನೆಯವನಂತೆ ಇದ್ದ ಆಪ್ತಸೇವಕ. ಆಳು ಒಡೆಯನ ಮಗನನ್ನು ಕಾಯಲು ಹೋಗಿ ಸತ್ತನೆ? ಅವನು ಬಿದ್ದುದನ್ನು ಕಂಡು ಸೇಡಿಗಾಗಿ ನುಗ್ಗಿ ಸತ್ತನೆ? ಅಥವಾ ಇಬ್ಬರೂ ಕಾಳಗದ ಬೇರೆ ಬೇರೆ ಕಡೆಗಳಲ್ಲಿ ಬಿದ್ದರೆ? ಬೇಲ ಧಾತುವಿನ ಮೂರು ಅರ್ಥಗಳೂ ಇಲ್ಲಿ ಸಾಧ್ಯ. ಶಾಸನಕಾರನು ಮಾತ್ರ ಇಬ್ಬರಿಗೂ ‘ಸತ್ತಂ’ ಎಂಬ ಒಂದೇ ಕ್ರಿಯಾಪದವನ್ನು ಬಳಸಿ ಸುಮ್ಮನಾಗಿದ್ದಾನೆ. ಇಲ್ಲಿ ವೇಳೆವಾಳಿಯೂ ಇಲ್ಲ, ಜೋಳವಾಳಿಯೂ ಇಲ್ಲ, ಹೊಗಳಿಕೆಯೂ ಇಲ್ಲ. ಆದರೆ ಆಳಿಗೆ ಹೆಸರಿದೆ, ಒಡೆಯನ ಮಗನಿಗೂ
ಆಳಿಗೂ ಒಂದೇ ಕ್ರಿಯಾಪದವಿದೆ. ಹಳೇಬೀಡಿನ ಕಂಬದ ವೈಭವವು ಕೊಡದ ಗೌರವವನ್ನು ಈ ಚಿಕ್ಕ ಶಾಸನವು ಕೊಟ್ಟಿದೆಯೆಂದು ನನಗೆ ತೋರುತ್ತದೆ.

೬

ಕೊನೆಗೆ, ಎರಡು ದೇಶಗಳ ಈ ಕಲ್ಲುಗಳೂ ಮಾತುಗಳೂ ಒಬ್ಬರ ಕಣ್ಣಿಗೇ ಬಿದ್ದ ಸಂದರ್ಭವೊಂದನ್ನು ಹೇಳಬೇಕು. ೧೭೯೯ರ ತರುವಾಯ ಮೈಸೂರು ಸೀಮೆಯನ್ನು ಅಳತೆಮಾಡಿ, ನಮ್ಮ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಕೂಡಿಸಿದ ಕಾಲಿನ್ ಮೆಕೆಂಜಿಯು ೧೮೧೧ರ ಜಾವಾ ದಂಡಯಾತ್ರೆಯಲ್ಲಿ ಮುಖ್ಯ ಎಂಜಿನಿಯರಾಗಿ ಹೋಗಿ, ೧೮೧೩ರವರೆಗೆ ಅಲ್ಲಿದ್ದು ಅಲ್ಲಿಯ ಪುರಾತನ ವಸ್ತುಗಳನ್ನೂ ಸಂಗ್ರಹಿಸಿದನು. ಅದೇ ದಂಡಯಾತ್ರೆಯಲ್ಲಿ ಮದರಾಸಿನ ಪಯೋನಿಯರ್ ಪಡೆಯೂ ಇತ್ತು. ೧೭೮೦ರಲ್ಲಿ ಮೊದಲಾದ ಆ ಪಡೆಯ ಉತ್ತರಾಧಿಕಾರಿಯೇ ಇಂದು ಹಲಸೂರು ಕೆರೆಯ ಬಳಿ ಕೇಂದ್ರವನ್ನು ಹೊಂದಿರುವ ಮದ್ರಾಸ್ ಎಂಜಿನಿಯರ್ ಪಡೆ. ೧೮೦೯ರಲ್ಲಿ ಹಲಸೂರಿನ ಸುತ್ತ ದಂಡು ನೆಲಸಿದಾಗ ಬಂದ ಸಿಪಾಯಿಗಳಲ್ಲಿ ದಖನಿ ಆಡುವವರಿಗೆ ‘ನಮಕ್ ಹಲಾಲ್’ ಎಂಬ ಮಾತು ಇತ್ತು. ನಮ್ಮವರು ಉಪ್ಪಿನ ಋಣವೆನ್ನುವರು. ಜೋಳವು ಉಪ್ಪಾಯಿತು, ಪಾಳಿಯು ಸಂಬಳದ ಚೀಟಿಯಾಯಿತು, ಒಡೆಯನು ಸಮುದ್ರದಾಚೆಯ ಕಂಪೆನಿಯಾದನು. ಕಂಪೆನಿಗೆ ಮರಣವಿಲ್ಲವಾದುದರಿಂದ ಅದರೊಡನೆ ಸಾಯುವ ವೇಳೆವಾಳಿಗೆ ಎಡೆಯಿರಲಿಲ್ಲ. ಅದಕ್ಕಾಗಿ ಸಾಯುವ ಜೋಳವಾಳಿಗೆ ಮಾತ್ರ ಬಹಳ ಎಡೆಯಿತ್ತು.

ಇನ್ನು ಭಾಷಾಂತರದ ವಿಷಯ. ‘ಮೆಂಬೇಲ’ಕ್ಕೆ ಕನ್ನಡದಲ್ಲಿ ಒಂದೇ ಪ್ರತಿಶಬ್ದವನ್ನು ನಿಲ್ಲಿಸುವುದು ಸಾಧ್ಯವಿಲ್ಲ. ನ್ಯಾಯಸ್ಥಾನದಲ್ಲಿ ಅದು ‘ಪರವಾಗಿ ವಾದಿಸು’, ಮಲ್ಲವಿದ್ಯೆಯಲ್ಲಿ ‘ಕಾಪಾಡಿಕೊಳ್ಳು’, ರಾಜ್ಯಾಂಗದಲ್ಲಿ ‘ಪರವಾಗಿ ನಿಲ್ಲು’ ಎಂಬುದು ‘ರಕ್ಷಿಸು’ ಎಂಬುದಕ್ಕಿಂತ ಹತ್ತಿರ. ಹಳೆಯ ಕಥೆಗಳಲ್ಲಿ ‘ಒಡನೆ ಸಾಯು’, ‘ಸೇಡು ತೀರಿಸು’ ಎಂದು ಸಂದರ್ಭವನ್ನರಿತು ಬರೆಯತಕ್ಕದ್ದು. ‘ಬೇಲಸುಂಕಾವ’ಕ್ಕಂತೂ ‘ದುಃಖದಲ್ಲಿ ಭಾಗಿ’ ಎಂಬ ನಮ್ಮ ಸಾಮಾನ್ಯದ ಮಾತೇ ಸರಿಹೋಗುವುದು. ವೇಳೆವಾಳಿಯನ್ನು ಪಾಠ ಹೇಳುವ ಅಧ್ಯಾಪಕರು ಅದಕ್ಕೆ ‘ಸ್ವಾಮಿನಿಷ್ಠೆ’ಯೆಂಬ ಒಂದೇ ಟಿಪ್ಪಣಿಯನ್ನು ಕೊಟ್ಟು ಮುಂದೆ ಹೋಗದೆ, ಆ ಶಾಸನದಲ್ಲಿ ಭಾಷೆಯನ್ನು ಕೊಟ್ಟವರು ಯಾರು, ಅದನ್ನು ತೀರಿಸಿದವರು ಯಾರು, ಹೆಸರಿರುವವರು ಯಾರು, ಎಣಿಕೆಗೆ ಮಾತ್ರ ಬಂದವರು ಯಾರು ಎಂಬ ನಾಲ್ಕು ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಮುಂದೆ ಇಡುವುದು ಯುಕ್ತ. ೧೯೦೫ರಲ್ಲಿ ರೈಸ್ ಸಾಹೇಬರು ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನಸಂಪುಟವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಿ, ವೀರಗಲ್ಲುಗಳಲ್ಲಿ ಬರುವ ಕ್ರಿಯಾಪದಗಳನ್ನು ಕಾಯ್ದು ಸತ್ತವು, ಒಡನೆ ಸತ್ತವು, ಬರಿದೆ ಸತ್ತವು ಎಂದು ವಿಂಗಡಿಸುವ ಕೆಲಸವು ಯಾರಾದರೂ ಕೈಕೊಳ್ಳತಕ್ಕದ್ದಾಗಿದೆ.